ವಾಸಿಯಾಗಿದ್ದಾಳಲ್ಲ, ಇನ್ನೂ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ಹುಳು ಸಾಕುತ್ತೇವೆ. ನನ್ನ ಹೆಂಡತಿಗೆ 28 ವರ್ಷ. ಪಟ್ಟಣದ ರೀಲಿಂಗ್ ಘಟಕಕ್ಕೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ. ಎರಡು ವರ್ಷದ ಹಿಂದೆ ಬಲಗಣ್ಣು ನೋವು ಬಂದು ಮಂಜಾಗಿತ್ತು. ಕನ್ನಡಕ ಮಾಡಿಸಿದೆವು, ಒಂದು ತಿಂಗಳಲ್ಲಿ ತಾನಾಗೇ ಸರಿಹೋಯಿತು. ಈ ಸಲ ಯುಗಾದಿ ಕಳೆದ ಮೇಲೆ ಪಾದದಿಂದ ಸೊಂಟದವರೆಗೆ ಜೋಮು ಹಿಡಿಯಿತು, ಹೊಟ್ಟೆಗೆ ಪಟ್ಟಿ ಬಿಗಿದ ಹಾಗಾಯಿತು, ನಡೆಯುವುದೇ ಕಷ್ಟವಾಯಿತು. ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಐದು ದಿನ ಡ್ರಿಪ್ ಹಾಕಿದರು. ಈಗ ರೂಪಾಯಿಗೆ ಹದಿನಾಲ್ಕಾಣೆ ವಾಸಿ. ಆದರೆ ಡೈಮೀಥೈಲ್ ಫ್ಯೂಮರೇಟ್ ಎಂಬ ಕ್ಯಾಪ್ಸೂಲನ್ನು ದಿನಕ್ಕೆ ಎರಡು ಹೊತ್ತು ವರ್ಷಗಟ್ಟಲೆ ನುಂಗಬೇಕಂತೆ. ನುಂಗಿದರೆ ಮುಖವೆಲ್ಲ ಕೆಂಪಾಗಿ ಉರಿಯುತ್ತದೆ. ನಮ್ಮಮ್ಮ 'ವಾಸಿ ಆಗೋಯ್ತಲ್ಲ, ಇನ್ಯಾಕೆ ಮಾತ್ರೆ, ಎಣ್ಣೆ ಹಚ್ಚಿಸಿದ್ರೆ ಸಾಕು' ಅಂತಾರೆ. ಕೆಲಸಕ್ಕೆ ಹೋಗಿ, ಗೂಡು ಹಾಕಿದ ಬಿಸಿನೀರಿನ ಬೇಸಿನ್ ಮುಂದೆ ಕೂತರೆ ಮತ್ತೆ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ; ಫ್ಯಾನ್ ಕೆಳಗೆ ಅರ್ಧ ಗಂಟೆ ಕೂತರೆ ಸರಿಹೋಗುತ್ತದೆ. ಕಾಯಿಲೆ ಮರಳಿ ಬರುತ್ತಿದೆಯೇ? ಮುಂದೆ ಗಾಲಿಕುರ್ಚಿಯೇ ಗತಿಯೇ? ಐದು ವರ್ಷದ ಮಗಳಿದ್ದಾಳೆ, ಅವಳಿಗೂ ಬರುತ್ತದೆಯೇ? ಇನ್ನೊಂದು ಮಗು ಬೇಕು ಅಂತಲೂ ಆಸೆ.

ಉತ್ತರ: ಬೇಸಿನ್ ವಿಷಯವನ್ನೇ ಮೊದಲು ಹೇಳುತ್ತೇನೆ. ಪತ್ರ ಓದಿದರೆ ನೀವು ಹೆಚ್ಚು ಹೆದರಿರುವುದು ಅದಕ್ಕೇ ಅನ್ನಿಸುತ್ತದೆ. ನೀವು ಬರೆದಿರುವುದರಲ್ಲಿ ಅತಿ ಕಡಿಮೆ ಹೆದರಬೇಕಾದದ್ದೂ ಅದೇ.

1890ರಲ್ಲಿ ವಿಲ್ಹೆಲ್ಮ್ ಉಟ್‌ಹಾಫ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು ಇದೇ ಕಾಯಿಲೆಯ ಕೆಲವರನ್ನು ನೋಡುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದರು. ದಣಿಯುವಷ್ಟು ನಡೆದು ಬಂದರೆ ಅವರ ಕಣ್ಣು ಮಂಜಾಗುತ್ತಿತ್ತು, ಕೂತು ದಣಿವಾರಿಸಿಕೊಂಡರೆ ತಿಳಿಯಾಗುತ್ತಿತ್ತು. ಅವರು ಅದನ್ನು ದಣಿವಿನ ಫಲ ಎಂದುಕೊಂಡರು. ಕಾರಣ ದಣಿವಲ್ಲ, ಮೈಯ ಕಾವು ಎಂದು ಆಮೇಲೆ ತಿಳಿಯಿತು. ದೇಹದ ಶಾಖ ಅರ್ಧ ಡಿಗ್ರಿ ಏರಿದರೂ ಸಾಕು. ಎಂಆರ್‌ಐ ಬರುವ ಮೊದಲು ವೈದ್ಯರು ಇದನ್ನೇ ಪರೀಕ್ಷೆ ಮಾಡಿಕೊಂಡಿದ್ದರು: ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಕೈಕಾಲು ಸೋಲುತ್ತವೆಯೇ ಎಂದು ನೋಡುವುದು. ಈಗ ಯಾರೂ ಹಾಗೆ ಮಾಡುವುದಿಲ್ಲ. ಆದರೆ ನಿಮ್ಮ ಮನೆಯವರು ದಿನವೂ ಎಂಟು ಗಂಟೆ ಅಂಥದೇ ತೊಟ್ಟಿಯ ಎದುರು, ಬೇಯಿಸಿದ ಗೂಡಿನ ಹಬೆಯಲ್ಲಿ ಕೂರುತ್ತಿದ್ದಾರೆ.

ಇದು ಯಾಕಾಗುತ್ತದೆ ಎಂದು ಹೇಳಲು ನರದ ಒಳಗೆ ಸ್ವಲ್ಪ ಇಣುಕಬೇಕು. ನರದ ಎಳೆಯ ಸುತ್ತ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ ಎಂದು ನಾವು ಡಾಕ್ಟರುಗಳೆಲ್ಲ ಹೇಳುತ್ತೇವೆ, ನಾನೂ ವರ್ಷಗಟ್ಟಲೆ ಹಾಗೇ ಹೇಳಿದ್ದೇನೆ. ಅದು ಅರ್ಧ ಮಾತ್ರ ಸರಿ. ಪ್ಲಾಸ್ಟಿಕ್ ಕರೆಂಟು ಸೋರದ ಹಾಗೆ ತಡೆಯುತ್ತದೆ, ಅಷ್ಟೇ. ಮೈಲಿನ್ ಸಂದೇಶಕ್ಕೆ ವೇಗ ಕೊಡುತ್ತದೆ. ಹೊದಿಕೆಯ ನಡುನಡುವೆ ಸಣ್ಣ ಸಂದುಗಳಿವೆ. ಸಂದೇಶ ಒಂದು ಸಂದಿನಿಂದ ಇನ್ನೊಂದಕ್ಕೆ ನೆಗೆಯುತ್ತಾ ಹೋಗುತ್ತದೆ. ಶಿಡ್ಲಘಟ್ಟ ಬಿಟ್ಟ ಬಸ್ಸು ವಿಜಯಪುರ, ದೇವನಹಳ್ಳಿ ಅಂತ ಎರಡೇ ಕಡೆ ನಿಂತು ಬೆಂಗಳೂರು ಸೇರಿದ ಹಾಗೆ. ಹೊದಿಕೆ ಕಿತ್ತುಹೋದ ಜಾಗದಲ್ಲಿ ಅದೇ ಬಸ್ಸು ಪ್ರತಿ ಗೇಟಿನಲ್ಲೂ ನಿಲ್ಲಬೇಕು. ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತಿದ್ದ ಸಂದೇಶ ಒಂದೆರಡು ಮೀಟರಿಗೆ ಇಳಿಯುತ್ತದೆ, ಕೆಲವು ಸಲ ನಡುದಾರಿಯಲ್ಲೇ ಕೆಟ್ಟು ನಿಲ್ಲುತ್ತದೆ. ಅಂಥ ನರ ತಂಪಿನಲ್ಲಿ ಹೇಗೋ ಏಗಿಕೊಂಡು ಹೋಗುತ್ತದೆ. ಕಾವು ಏರಿದರೆ ಆ ಚೂರು ಶಕ್ತಿಯೂ ಸಾಲದೆ ಸಂದೇಶ ನಿಂತುಬಿಡುತ್ತದೆ. ತಂಪಾದರೆ ಮತ್ತೆ ಹೊರಡುತ್ತದೆ.

ಹಾಗಾಗಿ ಬೇಸಿನ್ ಮುಂದೆ ಮಂಜಾಗುವ ಕಣ್ಣು ಹೊಸ ಕಾಯಿಲೆಯ ಗುರುತಲ್ಲ. ಎರಡು ವರ್ಷದ ಹಿಂದೆ ಪೆಟ್ಟು ತಿಂದ ಅದೇ ನರ ಬಿಸಿಗೆ ಗೊಣಗುತ್ತಿದೆ. ಇದರಿಂದ ನರಕ್ಕೆ ಹೊಸದಾಗಿ ಏನೂ ಹಾನಿಯಾಗುವುದಿಲ್ಲ. ಆದರೆ ಕಾಲು ಸೋತಾಗ ಬಿಸಿ ಬೇಸಿನ್ ಪಕ್ಕ ಮುಗ್ಗರಿಸಿದರೆ ಸುಟ್ಟುಕೊಳ್ಳುತ್ತಾರೆ. ಅದು ನಿಜವಾದ ಅಪಾಯ, ಅದಕ್ಕೇ ಜಾಗ ಬದಲಿಸಿಕೊಳ್ಳುವುದು ಒಳ್ಳೆಯದು. ಮಾಲೀಕರನ್ನು ಕೇಳಿ ನೋಡಿ: ಗೂಡು ವಿಂಗಡಿಸುವುದು, ನೂಲು ತೂಕ ಹಾಕಿ ಲೆಕ್ಕ ಬರೆಯುವುದು, ಹಬೆಯಿಂದ ದೂರದ ಯಾವುದಾದರೂ ಕೆಲಸ. ಅದು ಆಗದಿದ್ದರೆ ಬಾಗಿಲ ಪಕ್ಕದ ಬೇಸಿನ್, ಬೆಳಗಿನ ಹೊತ್ತು, ಕತ್ತಿನ ಹಿಂದೆ ಒದ್ದೆ ಟವೆಲು, ಗಂಟೆಗೊಮ್ಮೆ ತಣ್ಣೀರು. ಮನೆಯಲ್ಲೂ ಒಲೆ ಮುಂದಿನ ಕೆಲಸ ಒಂದೇ ಸಮನೆ ಬೇಡ.

ಇನ್ನೊಂದು ವಿಷಯ ಕೇಳಿ ನೋಡಿ. ನೂಲಿನ ಎಳೆ ಹುಡುಕಲು ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ, ಕಾಲಿನವರೆಗೂ ಕರೆಂಟು ಹೊಡೆದ ಹಾಗೆ ಝುಂ ಅನ್ನುತ್ತದೆಯೇ? ಎಷ್ಟೋ ಜನ ಇದನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ನಗುತ್ತಾರೆ ಅಂತ. ಇದೂ ಈ ಕಾಯಿಲೆಯಲ್ಲಿ ಮಾಮೂಲು. ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಹೊದಿಕೆ ಹೋಗಿದ್ದರೆ ಹೀಗಾಗುತ್ತದೆ.

ಹಾಗಾದರೆ ನಿಜವಾದ ಮರುಕಳಿಕೆ ಯಾವುದು? ಹೊಸ ತೊಂದರೆ ಬಂದು, ಅಥವಾ ಹಳೆಯದು ಜಾಸ್ತಿಯಾಗಿ, ತಂಪಿನಲ್ಲಿ ಕೂತರೂ ಹೋಗದೆ 24 ಗಂಟೆಗೂ ಮೀರಿ ನಿಂತರೆ, ಜ್ವರವೂ ಇಲ್ಲದಿದ್ದರೆ, ಅದು ಮರುಕಳಿಕೆ. ಆಗ ಡಾಕ್ಟರನ್ನು ನೋಡಬೇಕು. ಜ್ವರ ಇದ್ದರೆ ಮೊದಲು ಜ್ವರಕ್ಕೆ ಚಿಕಿತ್ಸೆ. ಮೂತ್ರದ ಸೋಂಕು ಇದೆಯೇ ಎಂದು ನೋಡಿಸುವುದನ್ನು ಮರೆಯಬೇಡಿ. ಕಾಲು ಸೋತಿತೆಂದು ಓಡಿ ಬಂದವರಿಗೆ ಸ್ಟೀರಾಯ್ಡ್ ಡ್ರಿಪ್ ಹಾಕಿಸಿ, ಆಮೇಲೆ ಅದು ಬರೀ ಮೂತ್ರದ ಸೋಂಕಿನ ಜ್ವರ ಎಂದು ಗೊತ್ತಾದ ಪ್ರಸಂಗಗಳು ನನ್ನ ಕೈಯಲ್ಲೇ ಆಗಿವೆ.

ಇನ್ನು ಈ ಕಾಯಿಲೆ ಏನು ಅನ್ನುವುದು. ನಮ್ಮ ರೋಗನಿರೋಧಕ ಕಣಗಳೇ ದಾರಿ ತಪ್ಪಿ ಮೆದುಳು, ಕಣ್ಣಿನ ನರ, ಬೆನ್ನುಹುರಿಗಳ ಮೈಲಿನ್ ಮೇಲೆ ಬೀಳುತ್ತವೆ. ಬಿದ್ದ ಜಾಗದಲ್ಲಿ ಗಟ್ಟಿಯಾದ ಕಲೆ ಉಳಿಯುತ್ತದೆ. ಮಲ್ಟಿಪಲ್ ಎಂದರೆ ಹಲವು, ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವುದು. ಹೆಸರಿನಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಚುಟುಕಾಗಿ ಎಂಎಸ್ ಎನ್ನುತ್ತೇವೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದರು. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಪಾರ್ಶ್ವವಾಯು ಅಲ್ಲ, ಅಂಟುವ ರೋಗ ಅಲ್ಲ, ನರದೌರ್ಬಲ್ಯ ಎಂದು ಗೋಡೆ ಮೇಲೆ ಬರೆಸುತ್ತಾರಲ್ಲ ಅದಂತೂ ಅಲ್ಲವೇ ಅಲ್ಲ.

ನಮ್ಮ ದೇಶದಲ್ಲಿ ಇದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ ಎಂದು ಹಿಂದೆ ನಂಬಿದ್ದರು. ಮಂಗಳೂರು ನಗರದಲ್ಲಿ ಎಣಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷಕ್ಕೆ ಸುಮಾರು 8 ಜನ ಸಿಕ್ಕರು. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ ಹನ್ನೆರಡೂವರೆ ಲಕ್ಷ. ಅದೇ ಲೆಕ್ಕ ಇಲ್ಲಿಗೂ ಹೊಂದುತ್ತದೆ ಎಂದುಕೊಂಡರೆ ಜಿಲ್ಲೆಯಲ್ಲಿ ನೂರರ ಆಸುಪಾಸಿನಲ್ಲಿ ಇರಬೇಕು. ಇದು ನನ್ನ ಬೆರಳೆಣಿಕೆಯ ಅಂದಾಜು, ಸಮೀಕ್ಷೆಯಲ್ಲ. ಆದರೂ ಬಾಗೇಪಲ್ಲಿಯಲ್ಲೋ ಚಿಂತಾಮಣಿಯಲ್ಲೋ ಇದೇ ಕ್ಯಾಪ್ಸೂಲು ನುಂಗುತ್ತಿರುವ ಇನ್ನೊಬ್ಬ ಹೆಣ್ಣುಮಗಳು ಇದ್ದಾಳೆ ಎಂಬುದು ನಿಮ್ಮ ಮನೆಯವರಿಗೆ ಗೊತ್ತಿರಲಿ.

ಒಂದು ಸ್ಕ್ಯಾನ್ ನೋಡಿ ಇಷ್ಟು ದೊಡ್ಡ ಹೆಸರು ಹೇಗೆ ಹೇಳಿದರು ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ತಾಯಿಯವರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ನಾವು ನೋಡುವುದು ಎರಡು ವಿಷಯ: ಪೆಟ್ಟು ಬೇರೆ ಬೇರೆ ಜಾಗದಲ್ಲಿ ಬಿದ್ದಿದೆಯೇ, ಬೇರೆ ಬೇರೆ ಕಾಲದಲ್ಲಿ ಬಿದ್ದಿದೆಯೇ. ಆವತ್ತು ಕಣ್ಣಿನ ನರ, ಈವತ್ತು ಬೆನ್ನುಹುರಿ. ಆವತ್ತಿನದೂ ಇದೇ ಕಾಯಿಲೆ ಇರಬೇಕು. ಕಣ್ಣಾಡಿಸಿದರೆ ನೋವು, ಕೆಲವು ದಿನದಲ್ಲಿ ಮಂಜು, ವಾರಗಳಲ್ಲಿ ತಾನಾಗೇ ಚೇತರಿಕೆ: ಇದು ಕಣ್ಣಿನ ನರದ ಉರಿಯೂತದ ನಡೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಬಟ್ಟಲಲ್ಲಿ ಕುಂಕುಮ ಇಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡಲಿ. ಎಡಗಣ್ಣಿಗೆ ಕಡುಗೆಂಪು ಕಂಡ ಕುಂಕುಮ ಬಲಗಣ್ಣಿಗೆ ತೊಳೆದ ಇಟ್ಟಿಗೆ ಬಣ್ಣ ಕಂಡರೆ, ಆ ನರದಲ್ಲಿ ಗಾಯದ ಗುರುತು ಇನ್ನೂ ಇದೆ ಎಂದು ಲೆಕ್ಕ. ಅಕ್ಷರ ಓದುವ ಶಕ್ತಿ ಪೂರಾ ಮರಳಿದ ಮೇಲೂ ಬಣ್ಣ ಹೀಗೆ ಮಾಸಿಯೇ ಇರಬಹುದು. ಅಂದು ಕನ್ನಡಕ ಕೊಟ್ಟವರನ್ನು ಬೈದು ಈಗ ಉಪಯೋಗವಿಲ್ಲ. ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ಹೇಳುತ್ತೇನೆ: ವಯಸ್ಸಿನ ಹುಡುಗ ಹುಡುಗಿಯರಿಗೆ ಒಂದೇ ಕಣ್ಣು ನೋವಿನೊಂದಿಗೆ ಮಂಜಾದರೆ ಅದು ಕನ್ನಡಕದ ಅಂಗಡಿಯಲ್ಲಿ ಮುಗಿಯುವ ವ್ಯವಹಾರವಲ್ಲ.

ಅಷ್ಟೊಂದು ರಕ್ತ ಪರೀಕ್ಷೆ, ಬೆನ್ನಿನಿಂದ ನೀರು ತೆಗೆದದ್ದು, ಎಕ್ಸ್‌ರೇ, ಇವು ದುಡ್ಡು ಕೀಳಲು ಅಂತ ಅನ್ನಿಸಿರಬಹುದು. ನಮ್ಮ ಕಡೆ ಅವು ಬೇರೆ ಊರುಗಳಿಗಿಂತಲೂ ಹೆಚ್ಚು ಬೇಕು. ಬಿ12 ಜೀವಸತ್ವದ ಕೊರತೆ ಕಾಲಿಗೆ ಇದೇ ಥರ ಜೋಮು ತರುತ್ತದೆ, ಇಂಜೆಕ್ಷನ್ನಿನಲ್ಲಿ ಗುಣವಾಗುತ್ತದೆ. ಬೆನ್ನುಮೂಳೆಯ ಟಿಬಿ ಬೆನ್ನುಹುರಿಯನ್ನು ಒತ್ತುತ್ತದೆ. ಇನ್ನೊಂದು ನಮ್ಮ ನೀರಿನದೇ ಕೊಡುಗೆ. ಬಾಗೇಪಲ್ಲಿ, ಗುಡಿಬಂಡೆ, ಆ ಕಡೆ ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮಿತಿಯನ್ನು ಎಷ್ಟೋ ಕಡೆ ದಾಟುತ್ತದೆ. ವರ್ಷಾನುಗಟ್ಟಲೆ ಅದನ್ನು ಕುಡಿದವರ ಬೆನ್ನುಮೂಳೆ ದಪ್ಪಗಾಗಿ ಬೆನ್ನುಹುರಿ ಇರುಕಿಕೊಂಡು ಕಾಲು ಮರದ ಹಾಗೆ ಸೆಟೆಯುತ್ತದೆ. ಅದು ಸಾಮಾನ್ಯವಾಗಿ ನಡುವಯಸ್ಸು ದಾಟಿದವರಲ್ಲಿ, ನಿಧಾನಕ್ಕೆ ಬರುತ್ತದೆ, ನಿಮ್ಮ ಮನೆಯವರ ಹಾಗೆ ದಿನಗಳಲ್ಲಿ ಅಲ್ಲ. ಆದರೂ ನೋಡದೆ ಬಿಡುವ ಹಾಗಿಲ್ಲ.

ಎಲ್ಲಕ್ಕಿಂತ ಮುಖ್ಯ ಒಂದು ರಕ್ತ ಪರೀಕ್ಷೆ. ಫೈಲು ತೆಗೆದು ಹುಡುಕಿ: ಅಕ್ವಾಪೋರಿನ್-4 ಆಂಟಿಬಾಡಿ, ಮಾಗ್ (MOG) ಆಂಟಿಬಾಡಿ ಎಂಬ ಎರಡು ಹೆಸರು ಇರಬೇಕು, ಎರಡರ ಎದುರೂ ನೆಗೆಟಿವ್ ಎಂದಿರಬೇಕು. ಕಣ್ಣು ಮತ್ತು ಬೆನ್ನುಹುರಿಗೇ ಬೀಳುವ ಇನ್ನೊಂದು ಕಾಯಿಲೆ ಇದೆ, ನ್ಯೂರೋಮೈಲೈಟಿಸ್ ಆಪ್ಟಿಕಾ ಅಂತ. ದೂರದಿಂದ ನೋಡಿದರೆ ಎಂಎಸ್‌ನ ಅವಳಿ. ಅದರ ಆಂಟಿಬಾಡಿಯನ್ನು 2004ರಲ್ಲಿ ಗುರುತಿಸುವವರೆಗೆ ನಾವೂ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೆವು. ಎಂಎಸ್‌ಗೆ ಕೊಡುವ ಕೆಲವು ಔಷಧಗಳು, ಇಂಟರ್‌ಫೆರಾನ್ ಮತ್ತು ಫಿಂಗೋಲಿಮಾಡ್ ಥರದವು, ಆ ಕಾಯಿಲೆಯನ್ನು ಕೆದಕಿ ಹೆಚ್ಚು ಮಾಡುತ್ತವೆ. ನಿಮ್ಮ ಮನೆಯವರಿಗೆ ಎರಡು ಸಲವೂ ಪೆಟ್ಟು ಬಿದ್ದದ್ದು ಕಣ್ಣಿಗೆ ಮತ್ತು ಬೆನ್ನುಹುರಿಗೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೆದುಳಿನ ಸ್ಕ್ಯಾನಿನಲ್ಲೂ ಎಂಎಸ್‌ಗೆ ತಕ್ಕ ಜಾಗಗಳಲ್ಲಿ ಬಿಳಿ ಮಚ್ಚೆ ಕಂಡಿದ್ದರೆ ಡಾಕ್ಟರು ಧೈರ್ಯವಾಗಿ ಆ ಹೆಸರು ಹೇಳಿರುತ್ತಾರೆ. ಆದರೂ ಆ ಎರಡು ಪರೀಕ್ಷೆ ಆಗಿಲ್ಲದಿದ್ದರೆ ಮುಂದಿನ ಸಲ ಹೋದಾಗ ಕೇಳಿ. ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಮಾಡಿಕೊಳ್ಳಲಿ.

ಈಗ ನಿಮ್ಮ ತಾಯಿಯವರ ಪ್ರಶ್ನೆ. ಅದು ದಡ್ಡ ಪ್ರಶ್ನೆಯಲ್ಲ. ಓದಿದವರೂ ಇದನ್ನೇ ಕೇಳುತ್ತಾರೆ, ಕೇಳದೆಯೇ ಮಾತ್ರೆ ಬಿಡುವವರು ಅದಕ್ಕಿಂತ ಹೆಚ್ಚು.

ಆಸ್ಪತ್ರೆಯಲ್ಲಿ ಐದು ದಿನ ಹಾಕಿದ ಡ್ರಿಪ್ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಸಾಮಾನ್ಯವಾಗಿ ದಿನಕ್ಕೆ ಒಂದು ಗ್ರಾಂ. ಅದು ಎದ್ದ ಉರಿಯೂತವನ್ನು ಬೇಗ ಆರಿಸುತ್ತದೆ. ಮುಂದಿನ ಪೆಟ್ಟನ್ನು ಅದು ತಡೆಯುವುದಿಲ್ಲ. ತಡೆಯುವ ಕೆಲಸ ಕ್ಯಾಪ್ಸೂಲಿನದು. ಕಳೆದುಹೋದದ್ದನ್ನು ಕ್ಯಾಪ್ಸೂಲು ವಾಪಸು ತರುವುದಿಲ್ಲ, ಅದಕ್ಕೇ ನುಂಗಿದವರಿಗೆ ಏನೂ ಗುಣ ಕಾಣುವುದಿಲ್ಲ, ಮುಖದ ಉರಿ ಮಾತ್ರ ಕಾಣುತ್ತದೆ.

ಹಾಗಾದರೆ ಈಗ ಸುಮ್ಮನಿರುವ ಕಾಯಿಲೆಗೆ ಔಷಧ ಏಕೆ? ಅದು ಸುಮ್ಮನಿಲ್ಲದಿರಬಹುದು ಎಂಬುದೇ ಕಾರಣ. ತಿಂಗಳು ತಿಂಗಳೂ ಎಂಆರ್‌ಐ ಮಾಡಿ ನೋಡಿದ ಅಧ್ಯಯನಗಳಲ್ಲಿ, ರೋಗಿಗೆ ಗೊತ್ತಾಗುವ ಒಂದೊಂದು ಮರುಕಳಿಕೆಗೆ ಐದರಿಂದ ಹತ್ತು ಹೊಸ ಮಚ್ಚೆಗಳು ಮೆದುಳಿನಲ್ಲಿ ಸದ್ದಿಲ್ಲದೆ ಬಂದಿರುತ್ತಿದ್ದವು. ಮೆದುಳು ಸುತ್ತು ದಾರಿ ಹಿಡಿದು ಸಂಭಾಳಿಸುತ್ತದೆ. ವಯಸ್ಸಿರುವಾಗ ಸುತ್ತು ದಾರಿಗಳು ಬೇಕಾದಷ್ಟಿವೆ. ಒಂದೊಂದಾಗಿ ಮುಚ್ಚಿಹೋದ ಮೇಲೆ, ಹತ್ತು ಹದಿನೈದು ವರ್ಷದ ನಂತರ, ಯಾವ ಮರುಕಳಿಕೆಯೂ ಇಲ್ಲದೆ ನಡಿಗೆ ನಿಧಾನಕ್ಕೆ ಕೆಡುತ್ತಾ ಹೋಗುತ್ತದೆ. ಆ ಹಂತಕ್ಕೆ ನಮ್ಮಲ್ಲಿರುವ ಔಷಧಗಳ ಬಲ ಬಹಳ ಕಡಿಮೆ. ಬಲ ಇರುವುದು ಈಗ, ಅವರು ಚೆನ್ನಾಗಿ ಓಡಾಡಿಕೊಂಡಿರುವಾಗ.

ತಾಯಿಯವರಿಗೆ ಇದನ್ನು ಎಂಆರ್‌ಐ ಭಾಷೆಯಲ್ಲಿ ಹೇಳಬೇಡಿ. ಹುಳು ಮನೆ ವಿಷಯ ಹೇಳಿ. ಒಂದು ಬೆಳೆ ಇಳಿಸಿ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮನೆಯಲ್ಲಿ ಒಂದು ಹುಳುವೂ ಇಲ್ಲದಾಗ, ಚಂದ್ರಿಕೆ ತಟ್ಟೆಗಳನ್ನೆಲ್ಲ ತೊಳೆದು ಬ್ಲೀಚಿಂಗ್ ಪುಡಿ, ಸುಣ್ಣ ಹಾಕುತ್ತೀರಲ್ಲ, ಯಾಕೆ? ಹಾಲುತೊಂಡೆಯೋ ಸುಣ್ಣಕಟ್ಟೋ, ಹುಳುವಿನ ರೋಗ ಕಣ್ಣಿಗೆ ಕಂಡ ಮೇಲೆ ಹಾಕಿದರೆ ಆ ಬೆಳೆ ಉಳಿಯುತ್ತದೆಯೇ? ನಲವತ್ತು ವರ್ಷ ಹುಳು ಸಾಕಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಬೀಳುವುದಿಲ್ಲ. ಕೋಲಾರದ ಒಬ್ಬ ಅಜ್ಜಿ ಇಷ್ಟು ಕೇಳಿ, 'ಅಂಗಂತ ಮೊದಲೇ ಏಳ್ಬಾರ್ದಾ' ಎಂದು ನನ್ನನ್ನೇ ಗದರಿದ್ದರು.

ಎಣ್ಣೆ ಹಚ್ಚಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಸೆಟೆದ ಕಾಲಿಗೆ ನೀವುವುದರಿಂದ ಹಿತವಾಗುತ್ತದೆ. ಎರಡು ಷರತ್ತು: ಬಿಸಿ ಶಾಖ ಕೊಡುವುದು ಬೇಡ, ಜೋಮು ಇರುವ ಕಾಲಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮತ್ತು ಹೆಸರಿಲ್ಲದ ಪುಡಿ, ಗುಳಿಗೆ ಯಾವುದನ್ನೂ ಬಾಯಿಗೆ ಹಾಕುವುದು ಬೇಡ. ಅಂಥ ಪುಡಿಗಳಲ್ಲಿ ಕೆಲವು ಸಲ ಸ್ಟೀರಾಯ್ಡೇ ಇರುತ್ತದೆ. ಒಂದು ವಾರ ಮೈ ಹಗುರಾಗುತ್ತದೆ, ಜನ ಬೆರಗಾಗುತ್ತಾರೆ, ಆಮೇಲೆ ಸಕ್ಕರೆ ಕಾಯಿಲೆ, ಸವೆದ ಮೂಳೆ ಹಿಡಿದುಕೊಂಡು ನಮ್ಮ ಹತ್ತಿರ ಬರುತ್ತಾರೆ.

ಮುಖದ ಉರಿಗೆ ಉಪಾಯವಿದೆ. ಖಾಲಿ ಹೊಟ್ಟೆಯಲ್ಲಿ ಕ್ಯಾಪ್ಸೂಲು ನುಂಗಬಾರದು. ಟೀ ಬಿಸ್ಕತ್ತಿನ ಜೊತೆಯೂ ಅಲ್ಲ. ಮುದ್ದೆ ಸಾರೋ ಅನ್ನವೋ, ಹೊಟ್ಟೆ ತುಂಬ ಉಂಡ ಜೊತೆಗೆ ನುಂಗಲಿ. ಹೆಚ್ಚಿನವರಿಗೆ ಮೊದಲ ಒಂದೆರಡು ತಿಂಗಳಲ್ಲಿ ಉರಿಯೂ ಹೊಟ್ಟೆ ತೊಳಸುವುದೂ ಕಡಿಮೆಯಾಗುತ್ತವೆ. ಆಗದಿದ್ದರೆ ಡಾಕ್ಟರಿಗೆ ಹೇಳಿ, ಉರಿ ತಗ್ಗಿಸಲು ಅವರ ಬಳಿ ಬೇರೆ ದಾರಿಗಳಿವೆ. ಆದರೆ ಒಂದನ್ನು ತಪ್ಪಿಸಬಾರದು: ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅದರಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣದ ಸಂಖ್ಯೆ 500ಕ್ಕಿಂತ ಕೆಳಗಿಳಿದು ಆರು ತಿಂಗಳಾದರೂ ಮೇಲೇಳದಿದ್ದರೆ ಈ ಔಷಧ ಮುಂದುವರಿಸುವುದೇ ಎಂದು ಮತ್ತೆ ಯೋಚಿಸಬೇಕಾಗುತ್ತದೆ. ಚಿಕ್ಕಬಳ್ಳಾಪುರದಲ್ಲೇ ಮಾಡಿಸಬಹುದಾದ ಮಾಮೂಲಿ ಪರೀಕ್ಷೆ, ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ.

ದುಡ್ಡಿನ ವಿಷಯ ನೀವು ಬರೆದಿಲ್ಲ, ಆದರೆ ಅದು ಇಲ್ಲದ ಮನೆ ಯಾವುದಿದೆ. 1993ರಲ್ಲಿ ಅಮೆರಿಕದಲ್ಲಿ ಮೊದಲ ಇಂಟರ್‌ಫೆರಾನ್‌ಗೆ ಅನುಮತಿ ಸಿಕ್ಕಾಗ ಈ ಕಾಯಿಲೆಗೆ ಇದ್ದದ್ದು ಅದೊಂದೇ ಸೂಜಿ. ಈಗ ಹತ್ತು ಹದಿನೈದು ಔಷಧಗಳಿವೆ. ನಮ್ಮ ದೇಶದ ಕಂಪನಿಗಳೇ ಮಾಡುವ ಮಾತ್ರೆಗಳೂ ಇವೆ, ಅವುಗಳ ಬೆಲೆ ಮೂಲ ಔಷಧಕ್ಕಿಂತ ಬಹಳ ಕಡಿಮೆ. ಆರು ತಿಂಗಳಿಗೊಮ್ಮೆ ಡ್ರಿಪ್ ಹಾಕುವ ರಿಟುಕ್ಸಿಮಾಬ್ ಇದೆ. ಅದು ಮೂಲತಃ ರಕ್ತದ ಕ್ಯಾನ್ಸರಿಗೆ ಬಂದ ಔಷಧ, ನಾವು ಇಲ್ಲಿ ಎಂಎಸ್‌ಗೂ ಸಾಕಷ್ಟು ಬಳಸುತ್ತೇವೆ. ಅದಕ್ಕೆ ಮೊದಲು ಹೆಪಟೈಟಿಸ್ ಬಿ, ಟಿಬಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಇವುಗಳಲ್ಲಿ ಯಾವುದು ಎಂದು ಪತ್ರದಲ್ಲಿ ಹೇಳಲು ಬರುವುದಿಲ್ಲ. ಬೆಳೆ ಕೈಕೊಟ್ಟ ತಿಂಗಳು ಕ್ಯಾಪ್ಸೂಲು ಕೊಳ್ಳಲಾಗದಿದ್ದರೆ ಸುಮ್ಮನೆ ನಿಲ್ಲಿಸಬೇಡಿ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಬೇರೆ ಔಷಧಕ್ಕೆ ಬದಲಿಸಬಹುದು. ನಿಲ್ಲಿಸಿದ್ದನ್ನು ಮುಚ್ಚಿಟ್ಟರೆ ನಾವು ಔಷಧವೇ ಕೆಲಸ ಮಾಡಲಿಲ್ಲ ಎಂದುಕೊಂಡು ಅದಕ್ಕಿಂತ ಜೋರಿನದಕ್ಕೆ ಕೈ ಹಾಕುತ್ತೇವೆ.

ಇನ್ನೊಂದು ಮಗು ಆಗಬಹುದು. ಈ ಕಾಯಿಲೆ ಬಸಿರಾಗುವುದಕ್ಕೆ ಅಡ್ಡಿಯಲ್ಲ. ಯುರೋಪಿನ 12 ದೇಶಗಳ 254 ಮಹಿಳೆಯರನ್ನು ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು: ಬಸಿರಿನಲ್ಲಿ ಮರುಕಳಿಕೆಗಳು ಕಡಿಮೆಯಾಗುತ್ತವೆ, ಕೊನೆಯ ಮೂರು ತಿಂಗಳಲ್ಲಂತೂ ಬಹಳ ಕಡಿಮೆ. ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹೆಚ್ಚಾಗುತ್ತವೆ. ಆದರೆ ಬಸಿರು ನಿಂತ ಮೇಲೆ ಹೇಳುವುದಲ್ಲ, ಮೊದಲೇ ಡಾಕ್ಟರಿಗೆ ತಿಳಿಸಿ. ಕಾಯಿಲೆ ಒಂದಷ್ಟು ಕಾಲ ಹತೋಟಿಯಲ್ಲಿದ್ದ ಮೇಲೆ, ಯಾವ ಔಷಧ ಯಾವಾಗ ನಿಲ್ಲಿಸುವುದು ಎಂದು ಲೆಕ್ಕ ಹಾಕಿ ಮುಂದುವರಿಯಬೇಕು. ಟೆರಿಫ್ಲುನೊಮೈಡ್ ಎಂಬ ಮಾತ್ರೆಯಂತೂ ಬಸಿರಿಗೆ ಸಲ್ಲದು; ಮುಂದೆ ಯಾರಾದರೂ ಅದಕ್ಕೆ ಬದಲಿಸಲು ಹೊರಟರೆ ಮಗುವಿನ ಆಸೆಯನ್ನು ಮೊದಲು ಬಾಯಿಬಿಟ್ಟು ಹೇಳಿ.

ಇಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಬಾಣಂತನದ್ದು. ನಮ್ಮ ಕಡೆ ಬಾಣಂತಿಗೆ ಹಂಡೆಗಟ್ಟಲೆ ಸುಡುನೀರು ಹೊಯ್ಯುತ್ತಾರೆ, ಸಾಂಬ್ರಾಣಿ ಹೊಗೆ ಹಾಕುತ್ತಾರೆ, ಕಿವಿಗೆ ಬಟ್ಟೆ ಕಟ್ಟಿ ಗಾಳಿಯಾಡದ ಕೋಣೆಯಲ್ಲಿ ಮಲಗಿಸುತ್ತಾರೆ. ಎಂಎಸ್ ಇರುವ ಹೆಣ್ಣಿಗೆ ಆ ಬಚ್ಚಲೆಂದರೆ ನಾನು ಮೇಲೆ ಹೇಳಿದ ಹಳೇ ಕಾಲದ ತೊಟ್ಟಿ ಪರೀಕ್ಷೆಯೇ. ನೀರು ಹೊಯ್ಯುತ್ತಿದ್ದಂತೆ ಕಾಲು ಕುಸಿಯುತ್ತದೆ. ನಿಜವಾದ ಮರುಕಳಿಕೆ ಬರುವ ಸಂಭವ ಹೆಚ್ಚಿರುವುದೂ ಅದೇ ತಿಂಗಳುಗಳಲ್ಲಿ ಆದ್ದರಿಂದ ಯಾವುದು ನೀರಿನ ಕಾವು, ಯಾವುದು ಕಾಯಿಲೆ ಎಂದು ಮನೆಯವರಿಗೆ ತಿಳಿಯುವುದಿಲ್ಲ. ಬಾಣಂತಿಗೆ ಹೀಗಾಗುವುದು ಸಹಜ ಎಂದು ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಬಂದವರನ್ನು ನಾನು ಕಂಡಿದ್ದೇನೆ. ಉಗುರು ಬೆಚ್ಚಗಿನ ನೀರು ಸಾಕು. ಬಚ್ಚಲಲ್ಲಿ ಒಬ್ಬರನ್ನೇ ಬಿಡಬೇಡಿ, ಕೂರಲು ಪ್ಲಾಸ್ಟಿಕ್ ಕುರ್ಚಿ ಹಾಕಿ. ಸ್ನಾನದಲ್ಲಿ ಕುಸಿದ ಕಾಲು ಗಂಟೆಯೊಳಗೆ ಸರಿಹೋದರೆ ಅದು ಕಾವು, ಮಾರನೆಯ ದಿನವೂ ಹಾಗೇ ಇದ್ದರೆ ಆಸ್ಪತ್ರೆ. ಈ ಮಾತನ್ನು ಹೆರಿಗೆಗೆ ಮೊದಲೇ ಅವರ ತವರಿನಲ್ಲೂ ಹೇಳಿಡಿ.

ಮಗಳ ವಿಷಯ. ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ನೂರಕ್ಕೆ ಎರಡು ಮೂರು. ಅಂದರೆ ತೊಂಬತ್ತೇಳಕ್ಕೆ ಬರುವುದಿಲ್ಲ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗಿದ್ದರೂ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರ, ಆದ್ದರಿಂದ ರಕ್ತಸಂಬಂಧವೊಂದೇ ಕಾರಣವಲ್ಲ. 2022ರಲ್ಲಿ ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ರಕ್ತದ ದಾಖಲೆ ತೆಗೆದು ನೋಡಿದಾಗ, ಎಪ್‌ಸ್ಟೈನ್-ಬಾರ್ ಎಂಬ ವೈರಸ್ ಸೋಂಕಿದ ಮೇಲೆ ಎಂಎಸ್ ಬರುವ ಸಂಭವ 32 ಪಟ್ಟು ಏರಿತ್ತು. ಆದರೆ ಆ ವೈರಸ್ ದೊಡ್ಡವರಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಇದೆ, ನನ್ನಲ್ಲೂ ನಿಮ್ಮಲ್ಲೂ ಇರುತ್ತದೆ. ಅದು ಬೇಕು, ಅದೊಂದೇ ಸಾಲದು. ವಂಶವಾಹಿಯ ಒಲವು, ವಿಟಮಿನ್ ಡಿ ಕೊರತೆ, ಹೊಗೆಸೊಪ್ಪಿನ ಹೊಗೆ, ಹರೆಯದ ಬೊಜ್ಜು, ಇವೆಲ್ಲ ಸೇರಿಕೊಳ್ಳುತ್ತವೆ. ನೀವು ಬೀಡಿ ಸೇದುವವರಾದರೆ ಮನೆಯೊಳಗೆ ಬೇಡ. ಮಗಳಿಗೆ ಈಗ ಯಾವ ಸ್ಕ್ಯಾನೂ ಬೇಡ, ಪರೀಕ್ಷೆಯೂ ಬೇಡ.

ಗಾಲಿಕುರ್ಚಿ. ಇದಕ್ಕೆ ಯಾರೂ ಬಾಂಡ್ ಪೇಪರಿನ ಮೇಲೆ ಬರೆದುಕೊಡಲಾರರು. ಔಷಧಗಳೇ ಇಲ್ಲದ ಕಾಲದ ಲೆಕ್ಕದಲ್ಲೂ ಅರ್ಧದಷ್ಟು ಜನರಿಗೆ ನಡೆಯಲು ಕೋಲು ಬೇಕಾಗಲು 15ರಿಂದ 20 ವರ್ಷ ಹಿಡಿಯುತ್ತಿತ್ತು. ಗಾಲಿಕುರ್ಚಿ ಅದಕ್ಕೂ ಬಹಳ ಆಚೆಯ ಮಾತು. ಈಗ ಅದಕ್ಕಿಂತ ಚೆನ್ನಾಗಿದೆ. ನಿಮ್ಮ ಮನೆಯವರಿಗೆ ಎರಡೂ ಪೆಟ್ಟಿನಿಂದ ಚೇತರಿಕೆ ಚೆನ್ನಾಗಿ ಆಗಿದೆ, ನಡುವೆ ಎರಡು ವರ್ಷ ಅಂತರವಿದೆ, ಇವು ಒಳ್ಳೆಯ ಲಕ್ಷಣಗಳು. ಬೆನ್ನುಹುರಿಗೆ ಪೆಟ್ಟು ಬಿದ್ದಿರುವುದು ಅಷ್ಟು ಒಳ್ಳೆಯ ಲಕ್ಷಣವಲ್ಲ. ಅದಕ್ಕೇ ಕ್ಯಾಪ್ಸೂಲಿನ ವಿಷಯದಲ್ಲಿ ಇಷ್ಟು ಹಟ ಮಾಡುತ್ತಿದ್ದೇನೆ.

ಒಂದು ಸರ್ಕಾರಿ ಮಾತು, ಚುಟುಕಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಇದೆ. ಮುಂದೆ ತೊಂದರೆ ಉಳಿದುಕೊಂಡರೆ ಜಿಲ್ಲಾ ಆಸ್ಪತ್ರೆಯ ಮಂಡಳಿಯ ಮುಂದೆ ಹೋಗಿ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಮಾಡಿಸಬಹುದು. ಹೆಚ್ಚಿನ ಸವಲತ್ತುಗಳಿಗೆ ಅಂಗವೈಕಲ್ಯ ಶೇಕಡಾ 40 ಇರಬೇಕು. ಈಗಿನ ಸ್ಥಿತಿಯಲ್ಲಿ ಅಷ್ಟು ಬರಲಾರದು, ಬಾರದಿರಲಿ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ಹಾಕುವುದು ಅವರಿಗೆ ಗೊತ್ತು. 1985ರಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆ ಬೆಂಗಳೂರಿನಲ್ಲಿದೆ. ಇದೇ ಕಾಯಿಲೆಯವರು ಒಬ್ಬರಿಗೊಬ್ಬರು ಅಲ್ಲಿ ಸಿಗುತ್ತಾರೆ.

ಕೊನೆಗೆ, ನಿಮ್ಮ ಪತ್ರದಲ್ಲಿ ಇಲ್ಲದ ಎರಡು ವಿಷಯ. ನೀವು ಬರೆದದ್ದೆಲ್ಲ ಕಣ್ಣಿಗೆ ಕಾಣುವಂಥದ್ದು: ನಡಿಗೆ, ಜೋಮು, ಮಂಜು. ಈ ಕಾಯಿಲೆಯವರನ್ನು ದಿನವೂ ಕಾಡುವುದು ಕಾಣದೇ ಇರುವಂಥದ್ದು. ಸುಸ್ತು ಒಂದು. ಹಿಪ್ಪುನೇರಳೆ ಸೊಪ್ಪು ಕೊಯ್ದು ಬಂದ ಮೇಲೆ ನಿಮಗಾಗುವ ಸುಸ್ತಿನ ಹಾಗಲ್ಲ ಅದು. ರಾತ್ರಿ ಚೆನ್ನಾಗಿ ಮಲಗಿ ಎದ್ದು, ಹಲ್ಲುಜ್ಜುವಷ್ಟರಲ್ಲಿ ಮೈಯೆಲ್ಲ ಸೀಸ ತುಂಬಿದಂತಾಗುವುದು. ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಅತ್ತೆಯ ಕಣ್ಣಿಗಂತೂ ಕಾಣುವುದೇ ಇಲ್ಲ. ಅದಕ್ಕೆ ಇಡುವ ಹೆಸರು ಸೋಮಾರಿತನ. ಮಧ್ಯಾಹ್ನ ಅರ್ಧ ಗಂಟೆ ಮಲಗುವುದು, ಭಾರದ ಕೆಲಸವನ್ನು ಬೆಳಗಿನ ತಂಪಿಗೆ ಹಾಕಿಕೊಳ್ಳುವುದು, ದಿನವೂ ಒಂದಿಷ್ಟು ನಡಿಗೆ, ಇವು ಆ ಸುಸ್ತಿಗೆ ಎಷ್ಟೋ ಮಾತ್ರೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಮನಸ್ಸು ಕುಗ್ಗಿ, ಯಾವುದರಲ್ಲೂ ಆಸೆಯಿಲ್ಲದ ಹಾಗಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ಈ ಕಾಯಿಲೆಯಲ್ಲಿ ಅದು ಬಹಳ ಮಂದಿಗೆ ಬರುತ್ತದೆ.

ಇನ್ನೊಂದು ಮೂತ್ರದ್ದು. ಸೊಂಟದವರೆಗೆ ಜೋಮು ಬಂದಿದ್ದವರಿಗೆ ಅದು ಇಲ್ಲದಿರುವುದು ಕಡಿಮೆ: ಬಂತೆಂದರೆ ತಡೆಯಲಾಗದು, ಅಥವಾ ಹೋಗಿ ಕೂತರೂ ಪೂರ್ತಿ ಖಾಲಿಯಾಗದು. ಹೆಂಗಸರು ಇದನ್ನು ಗಂಡನಿಗೂ ಹೇಳುವುದಿಲ್ಲ. ಬಸ್ಸಿನಲ್ಲಿ ಕಷ್ಟವಾಗುತ್ತದೆಂದು ಬೆಳಗಿನಿಂದ ನೀರೇ ಕುಡಿಯದೆ ಕೆಲಸಕ್ಕೆ ಹೋಗುತ್ತಾರೆ. ಆ ಹಬೆಯಲ್ಲಿ ನೀರಿಲ್ಲದೆ ಕೂತರೆ ಕಾವೂ ಏರುತ್ತದೆ, ಸೋಂಕೂ ಆಗುತ್ತದೆ, ಸೋಂಕಿನ ಜ್ವರಕ್ಕೆ ಮತ್ತೆ ಕಾಲು ಸೋಲುತ್ತದೆ. ನೀವು ಬರೆದ ಬೇಸಿನ್ ತೊಂದರೆಯಲ್ಲಿ ಇದರ ಪಾಲೂ ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ಇದಕ್ಕೆ ಮಾತ್ರೆಗಳಿವೆ, ಸ್ನಾಯುವಿನ ವ್ಯಾಯಾಮಗಳಿವೆ, ಆದರೆ ಕೊಡಬೇಕಾದರೆ ಯಾವ ಥರದ ತೊಂದರೆ ಎಂದು ಗೊತ್ತಾಗಬೇಕು. ಮುಂದಿನ ಪತ್ರವನ್ನು ಅವರ ಕೈಯಲ್ಲೇ ಬರೆಸಿ. ಬರೆಯಲು ಕಷ್ಟವಾದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ. ಆ ಹೊತ್ತಿಗೆ ನಿಮ್ಮ ತಾಯಿಯವರು ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿರಲಿ.